ಮುಂಜಾನೆಯ ಕೈ, ಮಧ್ಯಾಹ್ನದ ಡಾಕ್ಟರು

ರೋಗಗಳಲ್ಲಿಯೂ ಮರ್ಯಾದೆ ಇರುವವು, ಇಲ್ಲದವು ಎಂದು ಎರಡು ಜಾತಿ ಇವೆ ಎಂಬುದು ನನಗೆ ನಲವತ್ತು ದಾಟಿದ ಮೇಲೆ ತಿಳಿಯಿತು. ನಮ್ಮ ಶಾಲೆಯ ಹೆಡ್ ಮಾಸ್ತರರಿಗೆ ಹಿಂದೊಮ್ಮೆ ಕಿಡ್ನಿಯಲ್ಲಿ ಹರಳಾಗಿತ್ತು. ಅದು ಹೊರಗೆ ಬಿದ್ದ ದಿನದಿಂದ ಅವರು ಅದನ್ನು ಒಂದು ಪುಟ್ಟ ಬಾಟಲಿಯಲ್ಲಿ ಹಾಕಿ ಟೀವಿಯ ಪಕ್ಕ ಇಟ್ಟಿದ್ದಾರೆ. ಮನೆಗೆ ಹೋದವರಿಗೆ ಮೊದಲು ನೀರು, ಆಮೇಲೆ ಹರಳು, ಆಮೇಲೆ ಚಹಾ. "ನೋಡ್ರಿ, ಕಡ್ಲಿಬ್ಯಾಳಿ ಅಷ್ಟೈತಿ" ಎಂದು ಅವರು ಬಾಟಲಿ ಅಲ್ಲಾಡಿಸಿದರೆ ಬಂದವರೆಲ್ಲ ಲೊಚಗುಟ್ಟುತ್ತಾರೆ. "ಖರೇನ ನೋವಾಗಿತ್ತೇನ್ರಿ ಸರ್?" ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ನಮ್ಮ ಅತ್ತೆಯವರಿಗೆ ಮೊಣಕಾಲು ಸವೆದಿದೆ. ಅದರ ಎಕ್ಸ್‌ರೇ ನಡುಮನೆಯ ಗೋಡೆಯ ಮೊಳೆಗೆ ದೇವರ ಕ್ಯಾಲೆಂಡರಿನ ಬದಿಗೇ ತೂಗುತ್ತಿದೆ. ಯಾರಾದರೂ ಬಂದರೆ ಅತ್ತೆ ಕೂತಲ್ಲಿಂದಲೇ ಅತ್ತ ಕೈ ತೋರಿಸುತ್ತಾರೆ, ಮಾತಾಡುವ ಗರಜೇ ಇಲ್ಲ. ಇಂಥವೆಲ್ಲ ಮಾನವಂತ ರೋಗಗಳು. ನನಗೆ ಬಂದದ್ದು ಬಾಟಲಿಯಲ್ಲಿ ಹಾಕಲಾಗದ, ಮೊಳೆಗೆ ತೂಗಲಾಗದ ರೋಗ. ಅದನ್ನು ಕಟ್ಟಿಕೊಂಡು ನಾನು ಹೆಚ್ಚುಕಡಿಮೆ ಒಂದು ವರ್ಷ, ಸುಳ್ಳು ಹೇಳಿ ಸಿಕ್ಕಿಬಿದ್ದವಳಂತೆ ಓಡಾಡಿದೆ.

ನಾನು ಕುಷ್ಟಗಿಯಲ್ಲಿ ಮನೆ ಮಾಡಿಕೊಂಡು, ಪಕ್ಕದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಮಕ್ಕಳಿಗೂ ಅವರ ಅಪ್ಪ ಅವ್ವಂದಿರಿಗೂ ನಾನು ಅಕ್ಕೋರು. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇವರ ಅವ್ವ, ಅಂದರೆ ನಮ್ಮ ಅತ್ತೆ, ನಮ್ಮ ಜೊತೆಗೇ ಇದ್ದಾರೆ. ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದಾಳೆ, ಅವಳಿಗೆ ಈ ಕತೆಯಲ್ಲಿ ಕೆಲಸವಿಲ್ಲ.

ಹೋದ ವರ್ಷದ ಮಳೆಗಾಲದ ಒಂದು ಬೆಳಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲೇ ಒಲ್ಲವು. ಗಂಟುಗಂಟಿನಲ್ಲಿ ಬಿಗಿತ. ಹಲ್ಲುಜ್ಜುವ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಲಾಗದೆ ಎರಡು ಅಂಗೈ ನಡುವೆ ಒತ್ತಿ ಹಿಡಿದು, ಬ್ರಷ್ಷಿನ ಬದಲು ತಲೆಯನ್ನೇ ಆಚೀಚೆ ಆಡಿಸಿದೆ. ರಾತ್ರಿ ಕೈ ಮೇಲೆ ಮಲಗಿರಬೇಕು ಅಂದುಕೊಂಡೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ವಿಚಿತ್ರವೆಂದರೆ ಶಾಲೆಗೆ ಹೋಗಿ, ಪ್ರಾರ್ಥನೆ ಮುಗಿದು, ಹಾಜರಿ ತೆಗೆಯುವ ಹೊತ್ತಿಗೆ ಬೆರಳು ಒಂದೊಂದಾಗಿ ಸಡಿಲಾಗುತ್ತಿದ್ದವು. ಬಿಸಿಯೂಟದ ಗಂಟೆ ಹೊಡೆಯುವಷ್ಟರಲ್ಲಿ ಏನೂ ಆಗಿಯೇ ಇಲ್ಲ ಎಂಬಂತೆ ಸೀಮೆಸುಣ್ಣ ಹಿಡಿದು ಬೋರ್ಡಿನ ತುಂಬ ಬರೆಯುತ್ತಿದ್ದೆ. ಮುಂಜಾನೆಯ ನಾನು ಬೇರೆ, ಮಧ್ಯಾಹ್ನದ ನಾನು ಬೇರೆ. ಇಬ್ಬರಿಗೂ ಪರಸ್ಪರ ಪರಿಚಯವೇ ಇರಲಿಲ್ಲ.

ಇದನ್ನು ಬೇರೆ ಕಡೆಯವರಾದರೆ ಹೇಗೋ ಮುಚ್ಚಿಟ್ಟುಕೊಂಡು ನಡೆಸಬಹುದೇನೋ. ನಮ್ಮ ಕಡೆ ಸಾಧ್ಯವಿಲ್ಲ, ಯಾಕೆಂದರೆ ನಮ್ಮದು ಜೋಳದ ರೊಟ್ಟಿಯ ಸೀಮೆ. ಬೆಳಗಾದರೆ ಎಸರು ಹಾಕಿ ಹಿಟ್ಟು ನಾದಿ, ಅಂಗೈಯಿಂದ ಬಡಿದು ಬಡಿದು ಹಂಚಿನಷ್ಟಗಲ ಮಾಡಬೇಕು. ಆ ಸಪ್ಪಳ ಓಣಿಗೆಲ್ಲ ಕೇಳುತ್ತದೆ. ಯಾರ ಮನೆಯಲ್ಲಿ ಇವತ್ತು ಬೀಗರು ಬಂದಿದ್ದಾರೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದ್ದಾರೆ ಎಂಬುದನ್ನು ಆ ಸಪ್ಪಳದಿಂದಲೇ ಹೇಳುವ ಹೆಂಗಸರು ನಮ್ಮ ಓಣಿಯಲ್ಲಿದ್ದಾರೆ. ನನ್ನ ರೊಟ್ಟಿಗಳು ದಿನದಿನಕ್ಕೆ ದಪ್ಪಗಾಗತೊಡಗಿದವು, ಅಂಚು ಸೀಳತೊಡಗಿದವು. ಅತ್ತೆ ಮೊದಲ ವಾರ ಸುಮ್ಮನೆ ಮುರಿದು ತಿಂದರು. ಎರಡನೆಯ ವಾರ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಯವ್ವಾ, ಇದು ರೊಟ್ಟಿಯೋ, ಗಾಡಿ ಗಾಲಿಯೋ?" ಎಂದು ಕೇಳಿದರು.

ನನ್ನ ತಂಗಿಯನ್ನು ಕಾರಟಗಿಗೆ ಕೊಟ್ಟಿದೆ. ಕಾಲುವೆ ನೀರಿನ ಊರು, ಭತ್ತದ ಗದ್ದೆ, ಅಕ್ಕಿ ಗಿರಣಿ. ಫೋನಿನಲ್ಲಿ ನನ್ನ ಗೋಳು ಕೇಳಿ, "ಅಯ್ಯ, ಅದಕ್ಯಾಕ ಅಷ್ಟು ಬಡಿದಾಡ್ತಿ ಅಕ್ಕಾ? ಕುಕ್ಕರಿಗೆ ಅಕ್ಕಿ ಹಾಕಿ ಸೀಟಿ ಎಣಸು" ಎಂದು ಬಿಟ್ಟಳು. ಎರಡು ದಿನ ಅನ್ನವನ್ನೇ ಮಾಡಿದೆ. ಮೂರನೆಯ ದಿನ ಅತ್ತೆ ಊಟ ಮಾಡಿ ಕೈತೊಳೆದು ಬಂದು, "ಊಟ ಯಾವಾಗವಾ?" ಎಂದು ಕೇಳಿದರು. ಖಾನಾವಳಿಯಿಂದ ರೊಟ್ಟಿ ತರೋಣವೆಂದರೆ, ಮನೆಯಲ್ಲಿ ಎರಡು ಹೆಣ್ಣಿಟ್ಟುಕೊಂಡು ರೊಟ್ಟಿ ಕೊಂಡು ತಿನ್ನುವಂಥ ಕಾಲ ತನಗೆ ಬರಬಾರದಾಗಿತ್ತು ಎಂದು ಸೆರಗು ಕಣ್ಣಿಗೆ ಒತ್ತಿಕೊಂಡರು. ಹೀಗಾಗಿ ದವಾಖಾನೆಗೆ ಹೋಗುವುದೇ ಸರಿ ಎಂದು ತೀರ್ಮಾನವಾಯಿತು.

ಕೊಪ್ಪಳದಲ್ಲಿ ಎಲುಬು-ಕೀಲಿನ ಡಾಕ್ಟರೊಬ್ಬರಿದ್ದಾರೆ. ಯಲಬುರ್ಗಾ ಕಡೆಯವರು, ಸಭ್ಯರು, ಕೈಗುಣ ಒಳ್ಳೆಯದು ಎಂದು ಹೆಸರು. ಅದಕ್ಕೇ ಅಲ್ಲಿ ಬೆಳಗ್ಗೆಯಿಂದ ಪಾಳಿ. ನಮ್ಮಲ್ಲಿ ದವಾಖಾನೆಗೆ ಹೋಗುವುದೆಂದರೆ ಊರಿಗೆ ಹೋದ ಹಾಗೆ. ತಲೆ ತುಂಬ ನೀರು ಹಾಕಿಕೊಂಡು, ಇಸ್ತ್ರಿ ಸೀರೆ ಉಟ್ಟು, ಮುಖಕ್ಕಿಷ್ಟು ಪೌಡರ್ ಹಚ್ಚಿ, ಬುತ್ತಿ ಕಟ್ಟಿಕೊಂಡು ಹೊರಟೆ. ಬಸ್ಸಿಳಿದು ಚೀಟಿ ಮಾಡಿಸಿ ಕೂತರೆ, ನನ್ನ ಪಾಳಿ ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಅಷ್ಟೊತ್ತಿಗಾಗಲೇ ನನ್ನ ಕೈ ಯಾವ ಮದುವೆಯ ಮೆಹಂದಿಗೂ ಸೈ ಎನ್ನುವಂತಿತ್ತು. ಡಾಕ್ಟರು ಮುಷ್ಟಿ ಮಾಡಿರಿ ಎಂದರು, ಮಾಡಿದೆ. ಬಿಚ್ಚಿರಿ ಎಂದರು, ಬಿಚ್ಚಿದೆ. ಒಂದನೇ ಇಯತ್ತೆಯ ಮಕ್ಕಳಿಗೆ ಹಾಡು ಕಲಿಸುವಾಗ ಮಾಡುವಂತೆ ಬಲು ಚೆಂದವಾಗಿ ಮಾಡಿದೆ. ಅವರು ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಬರೆದುಕೊಟ್ಟರು.

ವಾರದ ಮೇಲೆ ರಿಪೋರ್ಟು ಹಿಡಿದುಕೊಂಡು ಹೋದೆ. ಅಲ್ಲಿ ನಡೆದದ್ದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಇಲ್ಲಿ ಯಾರೇ "ಆರಾಮ ಅದೀರೇನ್ರಿ?" ಎಂದು ಕೇಳಲಿ, "ಆರಾಮ್ರಿ" ಎಂದೇ ಹೇಳಬೇಕು. ಅದು ನಮಸ್ಕಾರಕ್ಕೆ ಪ್ರತಿನಮಸ್ಕಾರ ಇದ್ದಂತೆ, ಅದಕ್ಕೂ ಮೈಗೂ ಸಂಬಂಧವಿಲ್ಲ. ನಮ್ಮ ದೊಡ್ಡಪ್ಪ ಕಾಲು ಮುರಿದುಕೊಂಡು ಚಕ್ಕಡಿಯಲ್ಲಿ ಮಲಗಿ ಬರುವಾಗ ಎದುರಾದ ಬೀಗರು ಆರಾಮೇನ್ರಿ ಎಂದದ್ದಕ್ಕೆ, ಮಲಗಿದಲ್ಲಿಂದಲೇ, "ಆರಾಮ್ರಿ, ಕಾಲ ಒಂದ ಮುರದೈತಿ" ಎಂದಿದ್ದನಂತೆ. ನನ್ನ ಅಪ್ಪ ಅವ್ವ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಕೂಲಿಯವರ ಮನೆಯಲ್ಲಿ ಮೈ ಸರಿಯಿಲ್ಲ ಎಂಬ ಮಾತು ಬಾಯಿಂದ ಹೊರಬಿದ್ದರೆ ಅವತ್ತು ಒಲೆ ಹತ್ತುವುದಿಲ್ಲ. ಹಾಗಾಗಿ ಆ ಮಾತು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನನಗೆ ಸಂಬಳದ ನೌಕರಿ ಬಂತು, ಆ ಮಾತು ಮಾತ್ರ ಬರಲಿಲ್ಲ.

ಡಾಕ್ಟರು ತಲೆಯೆತ್ತದೆ ರಿಪೋರ್ಟು ನೋಡುತ್ತ, "ಹ್ಞಾ ಅಕ್ಕೋರ, ಆರಾಮ ಅದೀರಿ?" ಎಂದರು.

"ಆರಾಮ್ರಿ ಸರ್" ಎಂದೆ.

ಬಾಯಿಂದ ಬಿದ್ದ ಮೇಲೆ ಏನು ಮಾಡುವುದು? ಅವರ ಕೈಯಲ್ಲಿನ ಕಾಗದವೂ ಆರಾಮ ಎನ್ನುತ್ತಿತ್ತು. ವಾತದ ಪರೀಕ್ಷೆ ನಾರ್ಮಲ್, ಎಕ್ಸ್‌ರೇ ನಾರ್ಮಲ್, ರಕ್ತ ನಾರ್ಮಲ್. "ಏನೂ ಇಲ್ರಿ. ಟೆನ್ಷನ್ ಮಾಡ್ಕೋಬ್ಯಾಡ್ರಿ" ಎಂದು ಶಕ್ತಿಯ ಗುಳಿಗೆ ಬರೆದರು. ನಮ್ಮಲ್ಲಿ ಒಬ್ಬರನ್ನು ನೋಡುವಾಗಲೇ ಮುಂದಿನ ಪಾಳಿಯವರು ಒಳಗೆ ಬಂದು ಹೆಗಲ ಹಿಂದೆ ನಿಂತಿರುತ್ತಾರಲ್ಲ, ಹಾಗೆ ನಿಂತಿದ್ದ ಹೆಂಗಸು ನಾನು ಅರ್ಧ ಏಳುವಷ್ಟರಲ್ಲಿ ಸ್ಟೂಲಿನ ಇನ್ನರ್ಧದಲ್ಲಿ ಕೂತಾಗಿತ್ತು. ಹೊರಗೆ ಬಂದು ಬುತ್ತಿ ಬಿಚ್ಚಿ ತಿಂದು, ಬಂದದ್ದಕ್ಕೆ ಎರಡು ಜಂಪರ್ ಪೀಸು ತೆಗೆದುಕೊಂಡು ಕುಷ್ಟಗಿ ಬಸ್ಸು ಹತ್ತಿದೆ.

ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಸಂತೋಷಪಡಬೇಕಾದದ್ದೇ. ಆದರೆ ಮರುದಿನ ಮುಂಜಾನೆ ನನ್ನ ಬೆರಳು ರಿಪೋರ್ಟು ಓದಿದಂತೆ ಕಾಣಲಿಲ್ಲ. "ಅತ್ತೀ, ಕೈ ಮಡಚವಲ್ದ್ರಿ" ಎಂದರೆ ಅತ್ತೆ, "ಹಾಳ್ಯಾಗ ಇಲ್ಲ ಅಂದ ಮ್ಯಾಲ ಎಲ್ಲಿಂದ ಬರತೈತವಾ? ಡಾಕ್ಟರ್‌ಕಿಂತ ನೀ ಶಾಣ್ಯಾಕಿ ಏನು?" ಎಂದರು. ಮಾತಾಡಿಸಿಕೊಂಡು ಹೋಗಲು ಬಂದ ಬಂಧುಗಳ ಪಾಡು ಇನ್ನೂ ಕಷ್ಟ. ಅವರು ಬ್ರೆಡ್ಡು, ಎಳನೀರು ಹಿಡಿದುಕೊಂಡು ಬಂದು, "ಏನಾಗೈತಂತ್ರಿ?" ಎಂದು ಕೇಳುತ್ತಾರೆ. ಏನೂ ಆಗಿಲ್ಲವಂತೆ ಎಂದರೆ ಎಳನೀರು ಕೊಡುವುದೋ ತಿರುಗಿ ಒಯ್ಯುವುದೋ ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡೇ ಕೂತಿರುತ್ತಾರೆ. ಕೊನೆಗೆ ಗೋಡೆಯ ಎಕ್ಸ್‌ರೇ ಕಡೆ ನೋಡಿ ಅತ್ತೆಯ ಕೈಗೆ ಕೊಟ್ಟು ಹೋಗುತ್ತಿದ್ದರು. ಆ ವರ್ಷ ನನ್ನ ಕೈ ನೋವಿಗೆ ಬಂದ ಎಳನೀರೆಲ್ಲ ಅತ್ತೆಯ ಮೊಣಕಾಲಿಗೆ ಸಂದಾಯವಾದವು.

ನಮ್ಮ ಮನೆಯವರು ಹೆಚ್ಚು ಮಾತಿನವರಲ್ಲ. ಅವರು ನನ್ನನ್ನು ಸಮಾಧಾನ ಮಾಡಿದ್ದು ಹೀಗೆ. "ಡ್ರೈವರ್ರು ಬಂದು ಲೈನಿನ್ಯಾಗ ಸಪ್ಪಳ ಬರತೈತಿ ಅಂತಿರತಾರ. ಡಿಪೋಕ್ಕ ತಂದು ಚಾಲೂ ಮಾಡಿದ್ರ ಗಾಡಿ ಗಪ್ ಇರತೈತಿ. ಸಪ್ಪಳ ಇಲ್ಲ ಅಂತ ಬರದು ಕಳಿಸಿಬಿಡ್ತೀವಿ."

"ಆಮ್ಯಾಲೇನಾಗತೈತ್ರಿ?"

ಅವರು ಸ್ವಲ್ಪ ಯೋಚನೆ ಮಾಡಿ, "ಆಮ್ಯಾಲ ಎಲ್ಲೆರ ಅಡವ್ಯಾಗ ನಿಂತಿರತಾವ" ಎಂದರು. ಇದನ್ನು ಸಮಾಧಾನ ಎಂದೇ ಅವರು ಹೇಳಿದ್ದು.

ಆದರೂ ಆ ಮಾತು ಅವರನ್ನೇ ಎಲ್ಲೋ ಚುಚ್ಚಿರಬೇಕು. ದೀಪಾವಳಿ ಕಳೆದ ಒಂದು ಮುಂಜಾನೆ, ಹಿಟ್ಟಿನ ಮುಂದೆ ಕೂತು ನಾನು ಸದ್ದಿಲ್ಲದೆ ಅಳುತ್ತಿದ್ದಾಗ, ಬಂದು ಬಾಗಿಲು ಹಾಕಿ, "ಸರಿ ಅತ್ತಾಗ" ಎಂದು ನನ್ನನ್ನು ಸರಿಸಿ ಕೂತುಬಿಟ್ಟರು. ಮೊದಲ ರೊಟ್ಟಿ ಹಂಚಿಗೆ ಹೋಗುವ ಮುಂಚೆಯೇ ಮೂರು ತುಂಡಾಯಿತು. ಎರಡನೆಯದು ಒಲೆಯ ಹಿಂದೆ ಬಿತ್ತು. ವಾರದೊಳಗೆ ಕೈ ಕೂತಿತು. ಡಿಪೋದ ಕೈ, ಬಲವಾದ ಕೈ, ಬಡಿದರೆ ಅಡುಗೆಮನೆಯ ಡಬ್ಬಿಗಳೆಲ್ಲ ಅದರುತ್ತಿದ್ದವು. ಮಗ ರೊಟ್ಟಿ ಬಡಿಯುವುದು ಹೊರಗೆ ಗೊತ್ತಾಗಬಾರದೆಂದು ಅತ್ತೆ ನನ್ನಿಂದ ಭಾಷೆ ತೆಗೆದುಕೊಂಡರು. "ಸಪ್ಪಳ ಕೇಳಲಿ ಬಿಡು. ಸೊಸಿ ಬಡ್ಯಾಕತ್ಯಾಳ ಅಂದ್ಕೋತಾರ" ಎಂದರು. ಬಾಗಿಲು ಹಾಕುವ ಕೆಲಸವನ್ನೂ ತಾವೇ ವಹಿಸಿಕೊಂಡರು.

ಓಣಿಯವರು ಹಾಗೆಯೇ ಅಂದುಕೊಂಡರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ. ಬಾಜೂ ಮನೆಯ ಗಿರಿಜಕ್ಕ ನಳದ ಹತ್ತಿರ ಕೊಡ ತಿಕ್ಕುತ್ತ ಹೇಳುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದೆ. "ಅಕ್ಕೋರಿಗೆ ಕೈ ಎತ್ತಾಕ ಆಗೂದಿಲ್ಲಂತ, ಸಾಲಿಗೆ ರಜಾ ಹಾಕ್ಯಾರ. ಮುಂಜಾನೆ ನೋಡಿದ್ರ ಟಪಾ ಟಪಾ ಟಪಾ ಟಪಾ! ನಮ್ಮವ್ವ ಹರೇದಾಗೂ ಅಷ್ಟ ಜೋರ ಬಡೀತಿರ್ಲಿಲ್ಲ." ಸುತ್ತಲಿದ್ದವರು ನಕ್ಕರು. ನಾನು ಏನೆಂದು ಹೇಳಲಿ? ಅದು ನನ್ನ ಸಪ್ಪಳವಲ್ಲ ಎಂದರೆ ಯಾರದೆಂದು ಹೇಳಬೇಕಾಗುತ್ತದೆ. ತಲೆ ತಗ್ಗಿಸಿಕೊಂಡು ಒಳಗೆ ಬಂದೆ. ಮುಂದೆ ಶಾಲೆಯಲ್ಲೂ ಅದೇ ಸುದ್ದಿ. ಹೆಡ್ ಮಾಸ್ತರರು ಒಂದು ದಿನ, "ಅಕ್ಕೋರ, ಮನಸ್ಸಿನ್ಯಾಗ ಏನರ ಚಿಂತಿ ಇದ್ರ ಹೇಳ್ರಿ, ಸುಳ್ಳ ಕೈ ಮ್ಯಾಲ ಯಾಕ ಹಾಕ್ತೀರಿ" ಎಂದು ಬಹಳ ಮಮತೆಯಿಂದ ಕೇಳಿದರು.

ನಗುತ್ತ ಬರೆಯುತ್ತಿದ್ದೇನೆ, ಆಗ ನಗು ಬರುತ್ತಿರಲಿಲ್ಲ. ಎಲ್ಲರೂ ಸೇರಿ ಇಲ್ಲ ಎಂದರೆ ಎಂಥ ಗಟ್ಟಿಗಿತ್ತಿಗೂ ಅನುಮಾನ ಬರುತ್ತದೆ. ಮುಂಜಾನೆ ಎದ್ದ ಕೂಡಲೇ ನಾನು ನನ್ನ ಬೆರಳುಗಳನ್ನೇ ಕಳ್ಳರನ್ನು ನೋಡಿದಂತೆ ನೋಡುತ್ತಿದ್ದೆ. ನಿಜವಾಗಿ ಬಿಗಿದಿವೆಯೋ, ನಾನೇ ಬಿಗಿ ಹಿಡಿದಿದ್ದೇನೋ? ಎಲ್ಲರ ಗಮನ ಸೆಳೆಯಲು ಹೀಗೆ ಮಾಡುತ್ತಿದ್ದೇನೋ? ನೋವಿಗಿಂತ ನನ್ನ ಮಾತಿನ ಮೇಲೆ ನನಗೇ ನಂಬಿಕೆ ಹೋಗುತ್ತಿದ್ದುದು ಹೆಚ್ಚು ಹೆದರಿಕೆ ಹುಟ್ಟಿಸಿತು. ನಾಳೆ ನಿಜವಾಗಿಯೂ ಕೈ ಸೊಟ್ಟಗಾಗಿ, ಸೀಮೆಸುಣ್ಣ ಹಿಡಿಯಲಾಗದೆ ನೌಕರಿ ಬಿಡುವ ಹೊತ್ತು ಬಂದರೂ ಈ ಜನ ನಾರ್ಮಲ್ ಎಂದೇ ಹಾರ ಹಾಕಿ ಕಳಿಸುತ್ತಾರೆ ಅನಿಸಿತು. ಅವತ್ತು ನಿರ್ಧಾರ ಮಾಡಿದೆ, ಕೊಪ್ಪಳಕ್ಕೆ ಇನ್ನೊಂದು ಸಲ ಹೋಗಬೇಕು, ಈ ಸಲ ಹೇಳಿಯೇ ಬರಬೇಕು.

ಈ ಸಲ ಪೌಡರ್ ಇಲ್ಲ, ಇಸ್ತ್ರಿ ಇಲ್ಲ. ಮನೆಯಲ್ಲಿ ಉಡುವ ಸೀರೆಯಲ್ಲೇ ಹೊರಟದ್ದನ್ನು ನೋಡಿ ಅತ್ತೆ ಹೌಹಾರಿದರು. "ದವಾಖಾನಿಗೆ ಹಿಂಗ ಹೋಗ್ತಾರೇನವಾ? ನೋಡಿದ ಮಂದಿ ಜಡ್ಡಾಗೈತಿ ಅಂದಾರು!" ನಮ್ಮ ಮನೆಯವರೂ ರಜೆ ಹಾಕಿ ಜೊತೆಗೆ ಬಂದರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಆರಾಮ ಇಲ್ರಿ, ಆರಾಮ ಇಲ್ರಿ" ಎಂದು ಬಾಯಿಪಾಠ ಮಾಡಿದೆ. ಮಕ್ಕಳಿಗೆ ಮಗ್ಗಿ ಹೇಳಿಸುವಾಗ ಅವು ಯಾಕೆ ಅಷ್ಟು ತೊದಲುತ್ತವೆ ಎಂಬುದು ಅವತ್ತು ಅರ್ಥವಾಯಿತು.

ಪಾಳಿ ಬಂದದ್ದು ಮತ್ತೆ ಮಧ್ಯಾಹ್ನವೇ. ನಾನು ಸ್ಟೂಲಿನ ಮೇಲೆ ಕೂತೆ, ಇವರು ಗೋಡೆಗೆ ನಿಂತರು. ನನ್ನ ನಂತರದ ಪಾಳಿಯ ಅಜ್ಜ, ದೋತರ ಉಟ್ಟವರು, ಒಳಗೆ ಬಂದು ನನ್ನ ಬೆನ್ನಿಗೇ ನಿಂತರು. ಡಾಕ್ಟರು ನಕ್ಕು, "ಆರಾಮ ಅದೀರಿ ಅಕ್ಕೋರ?" ಎಂದರು. ನಾಲಿಗೆಯ ತುದಿಗೆ ಅದೇ ಮಾತು ಬಂದೇ ಬಿಟ್ಟಿತು. ಅದನ್ನು ನುಂಗಿ, ಗಂಟಲು ಸರಿಮಾಡಿಕೊಂಡು, ಬೇಕಾದ್ದಕ್ಕಿಂತ ಜೋರಾಗಿಯೇ, "ಆರಾಮ ಇಲ್ರಿ ಸರ್" ಎಂದೆ. ಹೊರಗೆ ಪಾಳಿಯಲ್ಲಿ ಕೂತವರಲ್ಲಿ ಇಬ್ಬರು ಪರದೆ ಸರಿಸಿ ಇಣುಕಿದರು.

ಡಾಕ್ಟರು ಮೊದಲ ಸಲ ನನ್ನ ಮುಖ ನೋಡಿದರು. ಹಳೆಯ ರಿಪೋರ್ಟು ತಿರುವಿ, "ಎಲ್ಲಾ ನಾರ್ಮಲ್ ಐತಲ್ರಿ" ಎಂದರು.

"ಹಾಳಿ ನಾರ್ಮಲ್ ಐತ್ರಿ ಸರ್. ನಾ ಇಲ್ಲ."

"ಮುಷ್ಟಿ ಮಾಡ್ರಿ ನೋಡೂಣು."

ಮಾಡಿದೆ. ಹಾಳಾದ ಕೈ, ಎಷ್ಟು ಸಲೀಸಾಗಿ ಮಡಚಿತು! "ಮಡಚತೈತಲ್ರಿ" ಎಂದರು. "ಇದು ಮಧ್ಯಾಹ್ನದ ಕೈರಿ ಸರ್, ನಂಗ ನೋವಿರೂದು ಮುಂಜಾನೆ ಕೈಯಾಗ" ಎಂದೆ. ನರ್ಸು ಬಾಯಿಗೆ ಕೈ ಹಿಡಿದುಕೊಂಡು ನಕ್ಕಳು. ಡಾಕ್ಟರು ಮತ್ತೆ ಶಕ್ತಿಯ ಗುಳಿಗೆ ಬರೆಯಲು ಪೆನ್ನು ತೆಗೆದರು, ಅಜ್ಜ ಸ್ಟೂಲಿಗೆ ಕೈಯಿಟ್ಟರು. ಎಲ್ಲವೂ ನಾನು ಏಳಬೇಕಾದ ಸಮಯ ಎಂದು ಹೇಳುತ್ತಿತ್ತು. ನಾನು ಏಳಲಿಲ್ಲ. "ಇನ್ನೂ ಮುಗದಿಲ್ರಿ" ಎಂದು, ಪಾಠ ಅರ್ಥವಾಗದ ಮಕ್ಕಳಿಗೆ ಹೇಳುವಂತೆ ಒಂದೊಂದಾಗಿ ಹೇಳಿದೆ. ಮುಂಜಾನೆ ಬ್ರಷ್ಷು ಹಿಡಿಯಲಾಗುವುದಿಲ್ಲ, ನಳ ತಿರುವಲಾಗುವುದಿಲ್ಲ, ಕುಪ್ಪಸದ ಹುಕ್ಕು ಹಾಕಲಾಗುವುದಿಲ್ಲ, ಹಾಜರಿ ತೆಗೆಯುವ ಹೊತ್ತಿಗೆ ಸಡಿಲಾಗುತ್ತದೆ, ನಿಮ್ಮ ಹತ್ತಿರ ಬರುವಷ್ಟರಲ್ಲಿ ಏನೂ ಇರುವುದಿಲ್ಲ.

ಡಾಕ್ಟರು ಪೆನ್ನು ಹಾಗೇ ಹಿಡಿದು ಕೇಳಿದರು. ಆಮೇಲೆ, ಕೆಟ್ಟ ಮನಸ್ಸಿನಿಂದಲ್ಲ, ಯಲಬುರ್ಗಾ ಕಡೆ ರೊಟ್ಟಿ ತಿಂದು ಬೆಳೆದ ಮನುಷ್ಯನಿಗೆ ಸಹಜವಾಗಿ ಬರುವ ಅನುಮಾನದಿಂದ, "ಅಷ್ಟು ಬಿಗೀತಾವಂದ್ರ ಮುಂಜಾನೆ ರೊಟ್ಟಿ ಹ್ಯಾಂಗ ಬಡೀತೀರಿ?" ಎಂದರು.

ಅತ್ತೆಗೆ ಕೊಟ್ಟ ಭಾಷೆ ನೆನಪಾಯಿತು. ಇವರ ಕಡೆ ನೋಡಿದೆ. ಇವರು ತಲೆಯ ಮೇಲಿನ ಫ್ಯಾನಿನ ಬೇರಿಂಗು ಪರೀಕ್ಷೆ ಮಾಡುವವರಂತೆ ಮೇಲೆ ನೋಡುತ್ತಿದ್ದರು. ಕೋಣೆಯಲ್ಲಿ ನರ್ಸು, ಅಜ್ಜ, ಪರದೆಯಲ್ಲಿ ಎರಡು ತಲೆ. ಡಾಕ್ಟರು ಕಾಯುತ್ತಿದ್ದರು. ಬಡಿಯುತ್ತೇನೆ ಎಂದರೆ ನನ್ನ ರೋಗ ಅಲ್ಲಿಗೆ ಸುಳ್ಳು. ಬಡಿಯುವುದಿಲ್ಲ ಎಂದರೆ ಮುಂದಿನ ಪ್ರಶ್ನೆ ಏನೆಂದು ಎಲ್ಲರಿಗೂ ಗೊತ್ತು.

"ನಾನ ಬಡೀತೀನ್ರಿ" ಎಂದರು ಇವರು, ಫ್ಯಾನಿಗೆ.

"ಏನ್ರಿ?"

"ರೊಟ್ಟಿರಿ. ದೀಪಾವಳಿ ಆದಾಗಿಂದ ನಾನ ಬಡ್ಯಾಕತ್ತೀನಿ. ಆಕಿಗೆ ಹಿಟ್ಟು ನಾದಾಕೂ ಆಗೂದಿಲ್ಲ. ನಾ ಕಣ್ಣಾರೆ ನೋಡೀನ್ರಿ, ಬೆರಳ ಮಡಚೂದಿಲ್ಲ, ಗಂಟ ಬಾತಿರತಾವ. ಸೀರಿ ಪಿನ್ನೂ ನಾನ ಹಾಕ್ತೀನಿ."

ಇಷ್ಟು ವರ್ಷದ ಸಂಸಾರದಲ್ಲಿ ಅವರು ನಾಲ್ಕು ಜನರೆದುರು ನನ್ನ ಪರವಾಗಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬಂದವು. ಸೀರೆ ಪಿನ್ನಿನ ಸಂಗತಿಯನ್ನು ಬಿಡಬಹುದಿತ್ತು, ಇರಲಿ. ಹಿಂದೆ ನಿಂತಿದ್ದ ಅಜ್ಜ ಇವರನ್ನು ಮೇಲಿಂದ ಕೆಳಗೆ ನೋಡಿ, ಬಹಳ ಆಸಕ್ತಿಯಿಂದ, "ತೆಳ್ಳಗ ಬರತಾವೇನೋ ತಮ್ಮಾ?" ಎಂದು ಕೇಳಿದರು.

"ಸುಮಾರ ಬರತಾವ್ರಿ ಅಜ್ಜಾರ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಇಟ್ಟರು. ನಮ್ಮ ಕಡೆಯ ಗಂಡಸು, ಜಿಲ್ಲಾ ಕೇಂದ್ರದ ದವಾಖಾನೆಯಲ್ಲಿ, ಪರರ ಮುಂದೆ, ರೊಟ್ಟಿ ನಾನು ಬಡಿಯುತ್ತೇನೆ ಎಂದು ಸುಳ್ಳು ಹೇಳುವುದುಂಟೇ? ಅದಕ್ಕಿಂತ ದೊಡ್ಡ ಪುರಾವೆ ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ. ನನ್ನ ಕೈಯ ನೋವಿಗೆ ನನ್ನ ಮಾತು ಸಾಲದೆ ಅವರ ಕೈಯ ರೊಟ್ಟಿ ಸಾಕ್ಷಿ ಹೇಳಬೇಕಾಯಿತಲ್ಲ ಎಂದು ನನಗೆ ಈಗಲೂ ಸ್ವಲ್ಪ ಸಿಟ್ಟಿದೆ. ಆ ಸಿಟ್ಟಿನಲ್ಲೇ ಅವತ್ತು ಇನ್ನೊಂದು ಮಾತು ಹೇಳಿದೆ. "ನೀವು ಒಮ್ಮೆ ಮುಂಜಾನೆ ನೋಡ್ರಿ ಸರ್. ಎಷ್ಟೊತ್ತಿಗಂದ್ರ ಅಷ್ಟೊತ್ತಿಗೆ ಬರ್ತೀನಿ."

ಅವರು ಒಪ್ಪಿದರು. ಮರುದಿನವೇ ಮೊದಲ ಬಸ್ಸು ಹಿಡಿದು, ಮೋರೆ ತೊಳೆದು ಬೊಟ್ಟು ಕೂಡ ಇಡದೆ ಅವರ ಮುಂದೆ ಕೂತೆ. ಮುಷ್ಟಿ ಮಾಡಿರಿ ಎಂದರು, ಆಗಲಿಲ್ಲ. ಆಗದಿದ್ದುದಕ್ಕೆ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಬಾತ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ನಾನು ನೋವಿಗೆ ಕಿರುಚಿದೆ. ಮತ್ತೊಂದು ಪರೀಕ್ಷೆ ಮಾಡಿಸಿ ನೋಡಿ, ಕೆಲವರಿಗೆ ರಕ್ತದಲ್ಲಿ ಸುಳಿವು ಕೊಡದೆಯೇ ಕೀಲುವಾತ ಬರುತ್ತದೆ, ತಡವಾದರೆ ಬೆರಳು ಸೊಟ್ಟಗಾಗುತ್ತವೆ, ನೀವು ಬಂದದ್ದು ಒಳ್ಳೆಯದಾಯಿತು ಎಂದರು. ವಾರಕ್ಕೊಮ್ಮೆ ನುಂಗುವ ಒಂದು ಗುಳಿಗೆ ಬರೆದರು. "ಹೋದ ಸಲ ನಾನೂ ಇನ್ನಷ್ಟು ಕೇಳಬೇಕಿತ್ತು. ಆದ್ರ ನೀವೂ ಆರಾಮ ಅಂದುಬಿಟ್ರಲ್ರಿ ಅಕ್ಕೋರ" ಎಂದು ನಕ್ಕರು.

ರೋಗಕ್ಕೆ ಹೆಸರು ಸಿಕ್ಕಿದ್ದೇ ತಡ, ನನ್ನ ಬಾಳು ಬದಲಾಯಿತು. ಎಳನೀರು ನೇರವಾಗಿ ನನ್ನ ಕೈಗೇ ಬರತೊಡಗಿದವು. ಕೊಪ್ಪಳದ ಪಾಳಿಯಿಂದ ಸುದ್ದಿ ನಮ್ಮ ಓಣಿಗೂ ಬಂದು, ಗಿರಿಜಕ್ಕನಿಗೆ ಸಪ್ಪಳದ ಒಡೆಯರು ಯಾರೆಂದು ತಿಳಿದು, ಈಗ ತನ್ನ ಗಂಡನಿಗೆ ಮುಂಜಾನೆ ಎದ್ದು ಆ ಸಪ್ಪಳ ಕೇಳು ಎನ್ನುತ್ತಾಳಂತೆ. ಆ ಮನುಷ್ಯ ದಾರಿಯಲ್ಲಿ ಇವರನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಅತ್ತೆಯಂತೂ ಪೂರ್ತಿ ನನ್ನ ಕಡೆಗೆ ತಿರುಗಿದರು. ಬಂದವರಿಗೆಲ್ಲ, "ಹಾಳ್ಯಾಗ ಕಾಣೂದಿಲ್ರಿ, ಒಳಗ ಇರತೈತಿ. ನಮ್ಮ ಸೊಸಿ ಮೊದಲಿಂದ ಹೇಳ್ತಿದ್ಲು, ನಮಗ ತಿಳೀಲಿಲ್ಲ" ಎಂದು ಅವರೇ ವಿವರಿಸುತ್ತಾರೆ. ಆ ಮಾತು ಕೇಳುವಾಗ ನಾನು ಅಡುಗೆಮನೆಯಲ್ಲಿ ನಿಂತು ಎರಡೆರಡು ಸಲ ಕೇಳಿಸಿಕೊಳ್ಳುತ್ತೇನೆ.

ಗುಳಿಗೆ ನಿಧಾನವಾಗಿ ಹತ್ತಿತು. ಹೋದ ತಿಂಗಳು ಒಂದು ಮುಂಜಾನೆ ಎದ್ದರೆ ಬೆರಳು ಮಡಚಿದವು, ಬ್ರಷ್ಷು ಹಿಡಿದವು, ಪಿನ್ನು ಹಾಕಿದವು. ಎಂಟು ಹತ್ತು ದಿನ ನೋಡಿದೆ, ಹಾಗೇ ಇತ್ತು. ಖುಷಿಯಿಂದ ಅಡುಗೆಮನೆಗೆ ಹೋಗಿ, ಹಿಟ್ಟಿನ ಮುಂದೆ ಕೂತಿದ್ದ ಇವರಿಗೆ, "ಏಳ್ರಿ, ಇವತ್ತ ನಾ ಬಡೀತೀನಿ, ಕೈ ಆರಾಮ ಆಗೈತಿ" ಎಂದೆ.

ಬಾಗಿಲ ಹತ್ತಿರ ಕೂತಿದ್ದ ಅತ್ತೆ ಕೈ ಅಡ್ಡ ಮಾಡಿದರು. "ಬ್ಯಾಡವಾ. ನಿನಗ ಹಂಗ ಅನಸತೈತಿ. ಮ್ಯಾಲ ಕಾಣೂದಿಲ್ಲ, ಒಳಗ ಇರತೈತಿ."

"ಇಲ್ರೀ ಅತ್ತೀ, ಖರೇನ ಏನೂ ಇಲ್ಲ" ಎಂದು ಮುಷ್ಟಿ ಮಾಡಿ ತೋರಿಸಿದೆ. ಅವರು ನನ್ನ ಮುಷ್ಟಿಯನ್ನು ನೋಡಿ ತಲೆಯಾಡಿಸಿದರು. ಕಡೆಗೆ ಒಳಗೆ ಹೋಗಿ, ಮೊನ್ನೆಯಷ್ಟೇ ಮಾಡಿಸಿದ ರಕ್ತದ ರಿಪೋರ್ಟು ತಂದು ಹಿಡಿದೆ. "ನೋಡ್ರಿ, ಎಲ್ಲಾ ನಾರ್ಮಲ್ ಅಂತ ಬರದಾರ."

"ಅವತ್ತೂ ನಾರ್ಮಲ್ ಅಂತ ಬರದಿದ್ರು" ಎಂದರು ಅತ್ತೆ. "ಆ ಹಾಳಿ ಯಾರ ನಂಬತಾರ? ಸುಮ್ನ ಕೂಡು."

ಈ ತರ್ಕವನ್ನು ಅವರಿಗೆ ಕಲಿಸಿದವಳು ನಾನೇ. ಎಷ್ಟು ಚೆನ್ನಾಗಿ ಕಲಿಸಿದ್ದೇನೆಂದರೆ ಅದರಲ್ಲಿ ಒಂದು ಬಿರುಕೂ ಸಿಗಲಿಲ್ಲ. ನನ್ನ ಮೈಯ ಬಗ್ಗೆ ನನ್ನ ಮಾತೇ ಕೊನೆಯ ಮಾತು ಎಂದು ಕೊಪ್ಪಳದವರೆಗೂ ಹೋಗಿ ಹೋರಾಡಿದವಳು, ಸುಮ್ಮನಿರಬಾರದಿತ್ತು. ರೋಗದ ಪರವಾಗಿ ಒಂದು ವರ್ಷ ವಾದಿಸಿದವಳು ಆರೋಗ್ಯದ ಪರವಾಗಿ ಒಂದು ವಾರವಾದರೂ ವಾದಿಸಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅತ್ತೆ ಚಹಾದ ಕಪ್ಪು ಮುಂದೆ ಸರಿಸಿದರು. ಹೊರಗೆ ಚಳಿಯಿತ್ತು, ಒಲೆಯ ಮುಂದೆ ಬೆಚ್ಚಗಿತ್ತು. ಇವರು ತಲೆಯೆತ್ತದೆ ಟಪಟಪ ಬಡಿಯುತ್ತಲೇ ಇದ್ದರು. ನಾನು ಕೂತು, ಚಹಾ ಕುಡಿಯುತ್ತ, ಹಂಚಿನ ಮೇಲಿದ್ದ ರೊಟ್ಟಿಯನ್ನು ನೋಡಿದೆ.

"ಅಂಚು ಸ್ವಲ್ಪ ದಪ್ಪಾತು ನೋಡ್ರಿ" ಎಂದೆ.